ಮೂರನೇ ಸಾಲಿಗೆ ದಾರಿ

ಕೂತಲ್ಲಿ ಕೂರಲಾಗದ ಕಾಯಿಲೆಯೊಂದು ಈಚೆಗೆ ನನಗೆ ಅಂಟಿಕೊಂಡಿತ್ತು. ಡಾಕ್ಟರ ಹತ್ತಿರ ಹೋಗಲಿಲ್ಲ. ಹೋಗಿ ಏನೆಂದು ಹೇಳಲಿ? ಊಟಕ್ಕೆ ಕೂತರೆ ಎಡಗಾಲು ತನ್ನಷ್ಟಕ್ಕೆ ತಾನೇ ಅಲ್ಲಾಡುತ್ತಿತ್ತು. ಆಫೀಸಿನಲ್ಲಿ ನಕಾಶೆ ಬಿಡಿಸಿಟ್ಟುಕೊಂಡರೆ ಕಣ್ಣು ಮಾತ್ರ ಕಿಟಕಿಯಾಚೆಯ ರಸ್ತೆಯ ಮೇಲೆ. ಬೆಳಗ್ಗೆ ಬಾಯಲ್ಲಿ ಬ್ರಷ್ ಇರುವಾಗಲೇ ಇನ್ನೊಂದು ಕೈಯಲ್ಲಿ ಮೊಬೈಲು ಹಿಡಿದು, ನಿನ್ನೆ ನೋಡಿದ ವಿಡಿಯೊವನ್ನೇ ಮತ್ತೆ ನೋಡುತ್ತಿದ್ದೆ. ಹೆಂಡತಿ ಗಿರಿಜ ಮೊದಲು ಗಾಬರಿಯಾದಳು. ಆಮೇಲೆ ವಿಡಿಯೊ ಏನೆಂದು ಬಗ್ಗಿ ನೋಡಿ, "ಅಯ್ಯೋ, ಗಾಡೀನಾ? ಐವತ್ನಾಲ್ಕಕ್ಕೆ ಇನ್ನೇನು ಹಿಡೀತೋ ಅಂದ್ಕೊಂಡಿದ್ದೆ" ಎಂದು ನಿರಾಳವಾಗಿ ಒಗ್ಗರಣೆ ಹಾಕಲು ಹೋದಳು.

ಗಾಡಿಯೇ. ನಮ್ಮ ಮನೆಯಲ್ಲಿ ಹದಿಮೂರು ವರ್ಷದಿಂದ ಒಂದು ದೊಡ್ಡ ಗಾಡಿಯಿದೆ. ಏಳು ಜನ ಕೂರುವಂಥದ್ದು, ಎತ್ತರದ್ದು, ಎಂಥ ಹಳ್ಳಿಹಾದಿಯಲ್ಲೂ ಹೊಟ್ಟೆ ಕೆರೆಸಿಕೊಳ್ಳದೆ ಹೋಗುವಂಥದ್ದು. ಕಂಪನಿಯವರು ಈಗ ಅದರ ಹೊಸ ರೂಪ ಬಿಟ್ಟಿದ್ದಾರೆ. ಹೆಸರು ಅದೇ, ಉಳಿದದ್ದೆಲ್ಲ ಬೇರೆ. ಅಜ್ಜನ ಹೆಸರಿಟ್ಟುಕೊಂಡ ಮೊಮ್ಮಗನಿಗೂ ಅಜ್ಜನಿಗೂ ಎಷ್ಟು ಹೋಲಿಕೆ ಇರುತ್ತದೋ ಅಷ್ಟೇ. ಹಳೆಯದಕ್ಕೆ ಎರಡು ಗುಂಡನೆಯ ದೀಪಗಳು, ನೋಡಿದರೆ ಏನೋ ಕೇಳಿ ಆಶ್ಚರ್ಯಪಟ್ಟ ಮುಖ. ಹೊಸದಕ್ಕೆ ಕಿರಿದಾದ ಕಣ್ಣು, ಗಂಟು ಹಾಕಿದ ಹುಬ್ಬು, ಆಕಳಿಸಿದಷ್ಟು ಅಗಲ ಬಾಯಿ. ಈಗಿನ ಗಾಡಿಗಳಿಗೆಲ್ಲ ಯಾಕಿಷ್ಟು ಸಿಟ್ಟು ಎಂದು ನನಗೆ ಅರ್ಥವಾಗಿಲ್ಲ. ಸಂಸಾರಸ್ಥರ ಗಾಡಿ ಎಂದು ಜಾಹೀರಾತು ಕೊಡುತ್ತಾರೆ, ನೋಡಿದರೆ ಜಗಳಕ್ಕೆ ಹೊರಟಂತಿರುತ್ತದೆ. ಬಹುಶಃ ಸಂಸಾರ ಎಂದರೇನೆಂದು ಅದನ್ನು ಮಾಡಿದವರಿಗೂ ಗೊತ್ತಿರಬೇಕು.

ಈ ವಿಡಿಯೊ ಮಾಡುವವರದ್ದೇ ಒಂದು ಲೋಕ. ಒಬ್ಬ ಬಾಗಿಲು ಮುಚ್ಚಿದ ಸದ್ದಿನ ಬಗ್ಗೆಯೇ ಐದು ನಿಮಿಷ ಮಾತಾಡಿದ. ಮುಚ್ಚಿದ, ಕಣ್ಣು ಮುಚ್ಚಿ ಆಲಿಸಿದ, ಮತ್ತೆ ತೆಗೆದು ಮುಚ್ಚಿದ. ಇನ್ನೊಬ್ಬ ಸೀಟಿನ ಹೊಲಿಗೆಯನ್ನು ಬೆರಳಲ್ಲಿ ಸವರುತ್ತಾ ಭಾವುಕನಾದ. ಚಾವಣಿಯುದ್ದಕ್ಕೂ ಗಾಜು, ಸುತ್ತಮುತ್ತ ಕ್ಯಾಮೆರಾ, ಕೂತ ಜಾಗಕ್ಕೆ ತಣ್ಣನೆ ಗಾಳಿ ಬಿಡುವ ಸೀಟು, ಮುಂದೇನಾದರೂ ಅಡ್ಡ ಬಂದರೆ ತಾನೇ ಬ್ರೇಕು ಹಾಕಿಕೊಳ್ಳುವ ಬುದ್ಧಿ, ಬಂಪರಿನ ಕೆಳಗೆ ಕಾಲು ಆಡಿಸಿದರೆ ತಾನಾಗಿ ಮೇಲೇಳುವ ಹಿಂಬಾಗಿಲು. ಎಲ್ಲಕ್ಕಿಂತ ಹೆಚ್ಚಾಗಿ ಟಾರ್ಕು. ಎಲ್ಲರೂ ಟಾರ್ಕು ಟಾರ್ಕು ಎನ್ನುತ್ತಾರೆ, ಹಾಗೆಂದರೇನೆಂದು ಯಾರೂ ಹೇಳುವುದಿಲ್ಲ. ಪಕ್ಕದ ಬೀದಿಯ ಭೌತಶಾಸ್ತ್ರದ ಮೇಷ್ಟರನ್ನು ಕೇಳಿದೆ. ಅವರು, "ಬೋರ್‌ವೆಲ್ ಪೈಪು ಬಿಚ್ಚುವಾಗ ಪಾನಾದ ಹಿಡಿಗೆ ಉದ್ದನೆ ರಾಡು ಸಿಕ್ಕಿಸ್ತಾರಲ್ಲ, ಆಗ ಬರೋ ಬಲ ಕಣ್ರೀ" ಎಂದರು. ಅಲ್ಲಿಯವರೆಗೆ ನನ್ನ ಜೀವನದಲ್ಲಿ ಟಾರ್ಕಿನ ಕೊರತೆಯಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಅವತ್ತಿನಿಂದ ಕೊರತೆ ಶುರುವಾಯಿತು.

ವೃತ್ತಿಯಲ್ಲಿ ನಾನು ಸರ್ವೆಯವನು. ಮಧುಗಿರಿ ಸುತ್ತಿನ ಹೊಲಗಳ ಬದುಗಳ ಮೇಲೆ ಮೂವತ್ತು ವರ್ಷ ನಡೆದಿದ್ದೇನೆ. ಒಂದಡಿ ಬದುವಿಗಾಗಿ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದನ್ನು ನೋಡಿದ್ದೇನೆ. ಹಾಗಾಗಿ ಏನು ಕಂಡರೂ ಅಳೆಯುವುದು ನನ್ನ ಚಾಳಿ. ಹೊಸ ಗಾಡಿಯ ಅಗಲ ಹಳೆಯದಕ್ಕಿಂತ ನಾಲ್ಕು ಬೆರಳು ಜಾಸ್ತಿ ಎಂದು ಓದಿದ ದಿನವೇ ಟೇಪು ಹಿಡಿದು ನಮ್ಮ ಮನೆಯ ಗೇಟು ಅಳೆದೆ. ಗಾಡಿಯ ಕನ್ನಡಿಗಳನ್ನು ಮಡಚಿಕೊಂಡರೆ ಎರಡೂ ಕಡೆ ಮೂರು ಮೂರು ಬೆರಳು ಜಾಗ ಉಳಿಯುತ್ತಿತ್ತು. ಸಮಾಧಾನವಾಗದೆ ಸಂಜೆ ಮತ್ತೊಮ್ಮೆ ಅಳೆದೆ. ಎದುರು ಮನೆಯವರು ಜಗಲಿಯಿಂದಲೇ, "ಏನ್ ಸಾರ್, ಸ್ವಂತ ಮನೇನೇ ಒತ್ತುವರಿ ಆಗೈತಾ?" ಎಂದು ಕೇಳಿದರು.

ಇಷ್ಟೆಲ್ಲ ಚಡಪಡಿಕೆಗೆ ಹೇಳಿಕೊಳ್ಳಲು ಒಂದು ಮರ್ಯಾದಸ್ಥ ಕಾರಣ ಬೇಕಲ್ಲ? ಹಳೆಯ ಗಾಡಿಯ ದೋಷಗಳ ಪಟ್ಟಿ ಮಾಡಿ ಗಿರಿಜಳಿಗೆ ಒಪ್ಪಿಸಿದೆ. ಎಡಗಡೆಯ ಗಾಜು ಕೈ ಹಿಡಿದು ಎತ್ತಿದರೆ ಮಾತ್ರ ಮೇಲೆ ಬರುತ್ತದೆ. ಎಸಿ ತನಗೆ ಮನಸ್ಸು ಬಂದಾಗ ತಣ್ಣಗಾಗುತ್ತದೆ. ಹಿಂಬಾಗಿಲಿನ ಚಿಲಕ ಹೋದ ವರ್ಷಕ್ಕಿಂತ ಹಿಂದಿನ ಮಳೆಗಾಲದಲ್ಲೇ ಕಚ್ಚಿಕೊಂಡಿದೆ, ಹೊರಗಿಂದಲೂ ತೆಗೆಯಲಾಗದು, ಒಳಗಿಂದಲೂ ಆಗದು. "ರಿಪೇರಿ ಮಾಡಿಸಿ" ಎಂದಳು. "ಮಾರೋ ಗಾಡಿಗೆ ಯಾರಾದರೂ ರಿಪೇರಿ ಮಾಡಿಸ್ತಾರಾ?" ಎಂದೆ. ಮಾರುವ ಮಾತು ಆಡಲು ಶುರುಮಾಡಿ ಆಗಲೇ ಒಂದೂವರೆ ವರ್ಷವಾಗಿತ್ತು. ಆಗ ಕೊನೆಯ ಅಸ್ತ್ರ ತೆಗೆದೆ. "ನನಗಲ್ಲ ಕಣೇ, ಚಿಕ್ಕಮ್ಮನಿಗೋಸ್ಕರ."

ಚಿಕ್ಕಮ್ಮನ ವಿಚಾರ ನಿಮಗೆ ಹೇಳಬೇಕು. ನನ್ನ ತಾಯಿಯವರು ಮೂವರು ಅಕ್ಕತಂಗಿಯರು, ಹುಟ್ಟಿದ್ದು ಪಾವಗಡದಾಚೆ, ಆಂಧ್ರದ ಗಡಿಯಂಚಿನ ಹಳ್ಳಿಯಲ್ಲಿ. ಅಮ್ಮ ದೊಡ್ಡವಳು. ನಡುವಿನವಳು ಈ ಚಿಕ್ಕಮ್ಮ. ಗಂಡ ಬೇಗ ಹೋದ, ಮಕ್ಕಳಿರಲಿಲ್ಲ. ಅಮ್ಮ ಹಾಸಿಗೆ ಹಿಡಿದಾಗ ನೋಡಿಕೊಳ್ಳಲು ಒಂದು ಚೀಲ ಹಿಡಿದು ಬಂದವಳು, ಅಮ್ಮ ಹೋದ ಮೇಲೂ ನಮ್ಮಲ್ಲೇ ಉಳಿದಳು. ಅದಕ್ಕೆ ಇಪ್ಪತ್ತೆರಡು ವರ್ಷವಾಯಿತು. ಈಗ ಎಪ್ಪತ್ತಾರು. ಮನೆಯಲ್ಲಿ ಒಂದು ಲೋಟ ನೀರು ಬೇಕಾದರೂ ಯಾರನ್ನೂ ಕೇಳದೆ ತಾನೇ ಎದ್ದು ಹೋಗಿ ಕುಡಿಯುತ್ತಾಳೆ. ಕೊನೆಯವಳು ರತ್ನಮ್ಮ, ಈಗಲೂ ಅದೇ ತವರಿನ ಹಳ್ಳಿಯಲ್ಲಿದ್ದಾಳೆ. ಉಳಿದಿರುವ ಈ ಇಬ್ಬರೂ ವರ್ಷಕ್ಕೊಮ್ಮೆ, ಸಂಕ್ರಾಂತಿಯ ಆಸುಪಾಸಿಗೆ ಭೇಟಿಯಾಗುತ್ತಾರೆ. ಅದಕ್ಕೆಂದೇ ಶಿರಾದಿಂದ ನನ್ನ ಅಕ್ಕ ಮತ್ತು ಭಾವ ಮಧುಗಿರಿಗೆ ಬರುತ್ತಾರೆ, ಎಲ್ಲರೂ ನಮ್ಮ ಗಾಡಿಯಲ್ಲಿ ಹೋಗುತ್ತೇವೆ.

ಗಾಡಿಯಲ್ಲಿ ಯಾರೆಲ್ಲಿ ಕೂರಬೇಕೆಂದು ಯಾರೂ ಕೂತು ತೀರ್ಮಾನಿಸಿದ್ದಲ್ಲ. ಆದರೂ ಅದು ಹದಿಮೂರು ವರ್ಷದಲ್ಲಿ ಒಮ್ಮೆಯೂ ಬದಲಾಗಿಲ್ಲ. ಮುಂದೆ ನನ್ನ ಪಕ್ಕ ಭಾವ, ಏಕೆಂದರೆ ಮನೆಯ ಅಳಿಯ. ನಡುವಿನ ಸಾಲಿನಲ್ಲಿ ಅಕ್ಕ ಮತ್ತು ಗಿರಿಜ. ಹಿಂದೆ ಎದುರುಬದುರು ಅಡ್ಡಡ್ಡ ಕೂರುವ ಎರಡು ಪುಟ್ಟ ಸೀಟುಗಳಿವೆ. ಅಲ್ಲಿ ಚಿಕ್ಕಮ್ಮ, ಅವಳ ಎದುರಿಗೆ ಬಾಳೆಗೊನೆ ಮತ್ತು ಕಡಲೆಕಾಯಿ ಚೀಲ. ಎತ್ತಿನ ಗಾಡಿಯ ಕಾಲದಲ್ಲಿ ಹೀಗಿರಲಿಲ್ಲ ಎಂದು ನನ್ನ ತಾತ ಹೇಳುತ್ತಿದ್ದರು. ಗಾಡಿ ಹೊಡೆಯುವವನು ಭಾರ ನೋಡಿ ಜನರನ್ನು ಕೂರಿಸುತ್ತಿದ್ದನಂತೆ. ಮುಂದೆ ಹೆಚ್ಚು ಭಾರವಾದರೆ ಎತ್ತಿನ ಕುತ್ತಿಗೆಗೆ ನೋವು, ಹಿಂದೆ ಹೆಚ್ಚಾದರೆ ನೊಗ ಕಟ್ಟುವ ಮೂಕಿ ಮೇಲೇಳುತ್ತದೆ. ದಪ್ಪಗಿದ್ದವರು ಅಳಿಯನಾದರೂ ಸರಿ, ಬೀಗರಾದರೂ ಸರಿ, ನಡುವೆ ಸರಿದು ಕೂರಬೇಕಿತ್ತು. ಎತ್ತುಗಳಿಗೆ ಸಂಬಂಧಗಳು ಗೊತ್ತಿರಲಿಲ್ಲ. ಇಂಜಿನ್ನು ಬಂದ ಮೇಲೆ ಭಾರದ ಯೋಚನೆ ಹೋಯಿತು, ಮರ್ಯಾದೆಯ ಯೋಚನೆ ಬಂತು.

ಕನ್ನಡಿಯಲ್ಲಿ ಚಿಕ್ಕಮ್ಮ ಹಿಂದೆ ಅಡ್ಡಡ್ಡ ಕುಲುಕುತ್ತಾ ಕೂತಿರುವುದು ಕಂಡಾಗಲೆಲ್ಲ ನನಗೆ ಒಳಗೊಳಗೇ ಸಂಕಟವಾಗುತ್ತಿತ್ತು. ಆದರೆ ಏನೂ ಮಾಡುತ್ತಿರಲಿಲ್ಲ. ಸಂಕಟಪಟ್ಟರೆ ಅರ್ಧ ಕೆಲಸ ಆದಂತೆ ಎಂದು ತಿಳಿದವರ ಪೈಕಿ ನಾನು.

ಹೋದ ವರ್ಷ ರತ್ನಮ್ಮನ ಊರಿಂದ ಬಂದಿಳಿದ ಚಿಕ್ಕಮ್ಮ, "ಇನ್ ನಾನು ಗಾಡೀಲಿ ಎಲ್ಲಿಗೂ ಬರಾಕಿಲ್ಲ ಕಣ್ಲಾ ಸೀನ. ಮೊಣಕಾಲು ನೋಯ್ತದೆ" ಎಂದಳು. ಬಾಯಿಮಾತಿಗೆ ಅಂದಿದ್ದಲ್ಲ. ಆಮೇಲೆ ಸಂಬಂಧಿಕರ ಎರಡು ಮದುವೆಗಳಿಗೂ ಬರಲಿಲ್ಲ. ಈ ವರ್ಷ ಸಂಕ್ರಾಂತಿ ಹತ್ತಿರ ಬಂದಾಗ ರತ್ನಮ್ಮನ ಫೋನು ಬಂತು. ಆಕೆ ಫೋನಿನಲ್ಲಿ ಮಾತಾಡಿದರೆ ಬೀದಿಗೆಲ್ಲ ಕೇಳುತ್ತದೆ. "ಅಕ್ಕಾ, ಎಪ್ಪುಡು ವಸ್ತಾವೇ? ಅವರೆಕಾಯಿ ಮುಗ್ದೋಯ್ತಾ ಐತೆ! ಯಾವಾಗ ಬತ್ತೀಯ ಹೇಳು!" ಚಿಕ್ಕಮ್ಮ, "ಚೂದ್ದಾಂ ಬುಡೇ, ನೋಡಾನ" ಎಂದು ಫೋನಿಟ್ಟು ಹಿತ್ತಲಿಗೆ ಹೋದಳು. ಬಹಳ ಹೊತ್ತು ಒಳಗೆ ಬರಲಿಲ್ಲ. ಎಪ್ಪತ್ತು ದಾಟಿದ ಅಕ್ಕತಂಗಿಯರಿಗೆ ಎಷ್ಟು ಸಂಕ್ರಾಂತಿಗಳು ಉಳಿದಿರುತ್ತವೆ ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ.

ರೋಗ ನಿದಾನವನ್ನು ನಾನೇ ಮಾಡಿದೆ. ಅಡ್ಡ ಸೀಟು, ಕುಲುಕಾಟ, ಹಿಂದಕ್ಕೆ ತಲುಪದ ಎಸಿ. ಅದರಿಂದ ಮೊಣಕಾಲು ನೋವು. ಔಷಧಿಯೂ ನನ್ನ ಮೊಬೈಲಿನಲ್ಲೇ ಇತ್ತು. ಹೊಸ ಗಾಡಿಯ ಮೂರನೇ ಸಾಲು ಮುಂದಕ್ಕೆ ಮುಖ ಮಾಡಿದೆ, ಮೆತ್ತಗಿದೆ, ಅದಕ್ಕೇ ಬೇರೆ ಗಾಳಿಯ ಕಿಂಡಿಗಳಿವೆ, ಮೊಬೈಲು ಚಾರ್ಜಿಗೆ ಜಾಗವಿದೆ. ಚಿಕ್ಕಮ್ಮನ ಹತ್ತಿರ ಮೊಬೈಲಿಲ್ಲ, ಅದು ಬೇರೆ ಮಾತು. ನನ್ನ ಆಸೆಗೂ ನನ್ನ ಕರ್ತವ್ಯಕ್ಕೂ ಇಷ್ಟು ಸಲೀಸಾಗಿ ತಾಳೆಯಾದದ್ದು ಅದೇ ಮೊದಲು.

ಒಂದು ಭಾನುವಾರ ಬೆಳಗ್ಗೆ ತುಮಕೂರಿನ ಷೋರೂಮಿನಿಂದ ಗಾಡಿಯನ್ನು ಮನೆಗೇ ತರಿಸಿದೆ, ಓಡಿಸಿ ನೋಡಲು. ತಂದವಳು ಸುಮಾ ಎಂಬ ಹೆಣ್ಣುಮಗಳು, ಮೂವತ್ತರ ಆಸುಪಾಸು. ಭಾವ ಶಿರಾದಿಂದ ಬೆಳಗಿನ ಬಸ್ಸಿಗೇ ಬಂದಿದ್ದರು. ಕಡಲೆಕಾಯಿ ವ್ಯಾಪಾರದವರಾದ್ದರಿಂದ ಯಾವ ಸರಕನ್ನೂ ತಟ್ಟಿ ನೋಡದೆ ಬಿಡುವವರಲ್ಲ. ಬಾನೆಟ್ಟು ತಟ್ಟಿದರು, ಟೈರು ಒದ್ದರು, "ಏಕ್‌ದಮ್ ಗಟ್ಟಿ" ಎಂದು ಹೋಗಿ ಮುಂದಿನ ಸೀಟಿನಲ್ಲಿ ಕೂತರು. ಸುಮಾ ಪುಸ್ತಕದ ಕನ್ನಡದಲ್ಲಿ, "ಮೂರನೇ ಸಾಲಿನ ಪ್ರಯಾಣಿಕರಿಗೂ ಪ್ರತ್ಯೇಕ ಹವಾನಿಯಂತ್ರಣ ಸೌಲಭ್ಯವಿದೆ ಸರ್" ಎಂದು ಶುರುಮಾಡಿದ್ದಳು. ಬಾಗಿಲಲ್ಲಿ ನಿಂತಿದ್ದ ಚಿಕ್ಕಮ್ಮ, "ಯಾವೂರವ್ವಾ ನಿಂದು?" ಎಂದು ಕೇಳಿದಳು.

"ಹೊಳವನಹಳ್ಳಿ ಕಣಜ್ಜಿ" ಎಂದಳು ಸುಮಾ, ಹವಾನಿಯಂತ್ರಣವನ್ನು ಅಲ್ಲೇ ಬಿಟ್ಟು.

ಆ ಒಂದು ಮಾತಿಗೆ ಚಿಕ್ಕಮ್ಮ ಮೆಟ್ಟಿಲಿಳಿದು ಬಂದಳು. "ನಿನಗೋಸ್ಕರಾನೇ ತಗೊಳ್ತಿರೋದು, ಒಂದು ಸುತ್ತು ಬಾ" ಎಂದು ನಾನು, "ಬನ್ನಿ ಅಜ್ಜಿ" ಎಂದು ಸುಮಾ. ಒಪ್ಪಿಕೊಂಡಳು. ಸುಮಾ ಗುಂಡಿಯೊಂದನ್ನು ಒತ್ತಿದಾಗ ನಡುವಿನ ಸೀಟು ಮಡಚಿ ಮುಂದಕ್ಕೆ ಬಾಗಿತು. ಆ ಸಂದಿಯಲ್ಲಿ ಚಿಕ್ಕಮ್ಮನ ಒಂದು ತೋಳು ನಾನು ಹಿಡಿದೆ, ಇನ್ನೊಂದು ಗಿರಿಜ ಹಿಡಿದಳು. ಭಾವ ಮುಂದಿನಿಂದಲೇ ತಿರುಗಿ "ತಲೆ, ತಲೆ ಬಗ್ಗಿಸಿ" ಎನ್ನುತ್ತಿದ್ದರು. ಮನೆ ಬದಲಾಯಿಸುವಾಗ ಬೀರು ಹೊರುವವರು ಒಬ್ಬರಿಗೊಬ್ಬರು ಹೇಳಿಕೊಳ್ಳುವಂತೆ ನಾವು ಹೇಳಿಕೊಂಡೆವು. ಚಿಕ್ಕಮ್ಮ ಹೋಗಿ ಮೂಲೆಯಲ್ಲಿ ಕೂತಳು. ಸೀಟು ವಾಪಸು ಟಕ್ಕೆಂದು ಕೂತಿತು. ಅದರಲ್ಲಿ ಗಿರಿಜ ಮತ್ತು ಸುಮಾ ಕೂತರು.

ಪಾವಗಡದ ರಸ್ತೆ ಹಿಡಿದೆ. ಏನು ಹೇಳಲಿ ಆ ಗಾಡಿಯ ಓಟವನ್ನು? ಮಧುಗಿರಿ ಬೆಟ್ಟದ ನೆರಳು ದಾಟಿದ್ದೇ ಗೊತ್ತಾಗಲಿಲ್ಲ. ಹಳೆಯದರಲ್ಲಿ ಲಾರಿ ಹಿಂದೆ ಹಾಕಬೇಕೆಂದರೆ ಎರಡು ಕಿಲೋಮೀಟರು ಮೊದಲೇ ಮನಸ್ಸು ಗಟ್ಟಿಮಾಡಿಕೊಳ್ಳಬೇಕು. ಇದರಲ್ಲಿ ಅಂದುಕೊಳ್ಳುವಷ್ಟರಲ್ಲಿ ಲಾರಿ ಹಿಂದಿತ್ತು. ಇದೇ ಟಾರ್ಕು ಎಂದು ಎದೆಯೊಳಗೆ ಅರ್ಥವಾಯಿತು. ಕಿಟಕಿ ಮುಚ್ಚಿದರೆ ಹೊರಗಿನ ಸದ್ದೇ ಇಲ್ಲ. ಗೇರನ್ನು ಗಾಡಿಯೇ ಬದಲಾಯಿಸಿಕೊಳ್ಳುತ್ತದೆ, ಕ್ಲಚ್ಚಿಲ್ಲ. ಆದ್ದರಿಂದ ನನ್ನ ಎಡಗಾಲಿಗೆ ಕೆಲಸವೇ ಇಲ್ಲದೆ ಅದು ಇನ್ನೂ ಜೋರಾಗಿ ಅಲ್ಲಾಡತೊಡಗಿತು.

"ಲೇ ಸೀನ, ಕೆಳಗಿಂದ ತಣ್ಣಗೆ ಗಾಳಿ ಬತ್ತಾ ಐತೆ ಕಣೋ!" ಎಂದರು ಭಾವ, ಸೀಟಿನ ಮೇಲೆ ಅತ್ತಿತ್ತ ಸರಿದು ನೋಡುತ್ತಾ. ನಾನು ಚಾವಣಿಯ ಪರದೆ ಸರಿಸಿದೆ. ನೆತ್ತಿಯ ಮೇಲೆ ಆಕಾಶವೇ ತೆರೆದುಕೊಂಡಿತು. "ಮುಚ್ಚ್ರೀ ಅದನ್ನ, ಪಾವಗಡದ ಕಡೆ ಬಿಸಿಲನ್ನೇ ಹಿಡಿದು ಕರೆಂಟು ಮಾಡ್ತಾರೆ, ನೀವು ನಮ್ಮ ತಲೆ ಮೇಲೆ ಬಿಡ್ತಿದೀರ" ಎಂದಳು ಗಿರಿಜ. ಕನ್ನಡಿಯಲ್ಲಿ ಚಿಕ್ಕಮ್ಮನನ್ನು ಹುಡುಕಿದೆ. ತಲೆಯ ತುದಿ ಮಾತ್ರ ಕಂಡಿತು. "ಹೆಂಗೈತೆ ಚಿಕ್ಕಮ್ಮಾ?" ಎಂದು ಕೂಗಿದೆ. "ತಣ್ಣಗೈತೆ" ಎಂಬ ಉತ್ತರ ಬಹಳ ದೂರದಿಂದ ಬಂದಂತೆ ಬಂತು.

ಮಿಡಿಗೇಶಿಗೆ ಇನ್ನೂ ಸ್ವಲ್ಪ ದೂರವಿದೆ ಎನ್ನುವಾಗ ರಸ್ತೆಯ ಮೇಲೆ ಹುರುಳಿ ಹಾಸಿದ್ದರು. ನಮ್ಮ ಕಡೆಯವರಿಗೆ ಇದನ್ನು ಹೇಳಬೇಕಾಗಿಲ್ಲ. ಕಿತ್ತ ಹುರುಳಿ ಬಳ್ಳಿಯನ್ನು ಡಾಂಬರಿನ ಮೇಲೆ ಹರಡಿಬಿಟ್ಟರೆ ಹೋಗಿಬರುವ ಬಸ್ಸು, ಲಾರಿಗಳೇ ಒಕ್ಕಣೆ ಮಾಡಿಕೊಡುತ್ತವೆ. ಒಳ್ಳೆಯದಲ್ಲ ಎಂದು ಎಲ್ಲರಿಗೂ ಗೊತ್ತು, ಆದರೂ ನಿಂತಿಲ್ಲ. ಹಳೆಯ ಗಾಡಿಯಲ್ಲಾದರೆ ನಿಧಾನವಾಗಿ ಅದರ ಮೇಲೆಯೇ ಹೋಗುತ್ತಿದ್ದೆ. ಹೊಸ ಗಾಡಿಗೆ ಈ ಪದ್ಧತಿ ಯಾರೂ ಹೇಳಿಕೊಟ್ಟಿರಲಿಲ್ಲ. ರಸ್ತೆಯ ಗೆರೆಗಳು ಕಾಣಿಸದೆ ಅದು ಮೊದಲು ಕಂಗಾಲಾಯಿತು. ಎದುರಿಗೆ ಪೊರಕೆ ಹಿಡಿದು ನಿಂತಿದ್ದ ಹೆಂಗಸು ಒಂದು ಹೆಜ್ಜೆ ಮುಂದಿಟ್ಟಳು. ಕೆಂಪು ದೀಪ ಹತ್ತಿತು, ಕಿವಿ ಕಿತ್ತುಹೋಗುವಂತೆ ಕಿರುಚಿತು, ನಾನು ಬ್ರೇಕು ಮುಟ್ಟುವ ಮೊದಲೇ ಗಾಡಿ ತಾನೇ ಬ್ರೇಕು ಹಾಕಿಕೊಂಡು ಹುರುಳಿಯ ನಟ್ಟನಡುವೆ ನಿಂತುಬಿಟ್ಟಿತು. ಎಲ್ಲರೂ ಮುಂದಕ್ಕೆ ಮುಗ್ಗರಿಸಿದೆವು.

ಆ ಹೆಂಗಸು ಹೆದರಲಿಲ್ಲ, ಸಿಟ್ಟಾದಳು. "ಅದ್ಯಾಕೆ ನಿಂತ್ಕಂಡ್ರಿ? ನಿಂತ್ಕಂಡ್ರೆ ಕಾಳು ಉದುರ್ತದಾ? ಓಡ್ಸಿ ಮೇಲೇನೇ!"

"ನಾನು ನಿಲ್ಲಿಸ್ಲಿಲ್ಲಮ್ಮಾ, ಗಾಡೀನೇ ನಿಂತ್ಕೊಂತು" ಎಂದೆ.

"ಅಂಗಾರೆ ನಿಮ್ ಗಾಡಿಗೆ ಹೇಳಿ, ಇನ್ನೆಲ್ಡು ಸುತ್ತು ಬರಾಕೆ. ಒಳ್ಳೆ ತೂಕ ಐತೆ!"

ಹುರುಳಿ ದಾಟಿ ಮುಂದೆ ಹೋಗಿ ಬದಿಗೆ ನಿಲ್ಲಿಸಿದೆ. ಬಳ್ಳಿ ಗಾಲಿಯ ಅಚ್ಚಿಗೆ ಸುತ್ತಿಕೊಂಡು ಬಿಸಿಯಾದರೆ ಬೆಂಕಿ ಹತ್ತುವುದುಂಟು, ಬಗ್ಗಿ ನೋಡಬೇಕಿತ್ತು. ಭಾವ ಇಳಿದರು, ಗಿರಿಜ ಇಳಿದಳು, ಸುಮಾ ಇಳಿದಳು. ಆ ಹೆಂಗಸೂ ಪೊರಕೆ ಸಮೇತ ಬಂದಳು. ನಾನು ನೆಲಕ್ಕೆ ಬಗ್ಗಿ ನೋಡಿ, ಏನೂ ಇಲ್ಲ ಎಂದು ಧೂಳು ಕೊಡವಿ ಎದ್ದೆ. ಅಷ್ಟು ಜನ ಸೇರಿದ ಮೇಲೆ ಸುಮ್ಮನಿರಲಾದೀತೇ? ಗಾಡಿ ನನ್ನದೇ ಎಂಬಂತೆ ವಿವರಿಸತೊಡಗಿದೆ. ಭಾವ, "ಕಾಲಾಡಿಸಿದ್ರೆ ಹಿಂದಿನ ಬಾಗಿಲು ತಾನೇ ತಗೀತದೆ ಅಂದ್ಯಲ್ಲ, ತೋರ್ಸು" ಎಂದರು. ಬಂಪರಿನ ಕೆಳಗೆ ಕಾಲಾಡಿಸಿದೆ, ಏನೂ ಆಗಲಿಲ್ಲ. ಎರಡನೇ ಸಲವೂ ಆಗಲಿಲ್ಲ. ಮೂರನೇ ಸಲ ಒದ್ದೇ ಬಿಟ್ಟೆನೇನೋ, ಬಾಗಿಲು ಗಂಭೀರವಾಗಿ, ನಿಧಾನವಾಗಿ ಮೇಲೆದ್ದಿತು.

ಒಳಗೆ ನಮ್ಮ ನೀರಿನ ಕ್ಯಾನು, ಟಿಫಿನ್ ಡಬ್ಬಿ. ಅವುಗಳ ಹಿಂದೆ ಸೀಟಿನ ಬೆನ್ನು. ಬೆನ್ನಿನ ಮೇಲೆ ಒಂದು ಬಿಳಿಯ ಪುಟ್ಟ ತುರುಬು.

ನಾವೆಲ್ಲ ಇಳಿದು ಎಷ್ಟು ಹೊತ್ತಾಗಿತ್ತೋ. ಚಿಕ್ಕಮ್ಮ ಒಳಗೇ ಇದ್ದಳು. ಅವಳನ್ನು ಇಳಿಸಬೇಕೆಂದು ನಮ್ಮ ನಾಲ್ವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಕತ್ತು ಕಷ್ಟಪಟ್ಟು ತಿರುಗಿಸಿ, ಸೀಟಿನ ಮೇಲಿಂದ ನಮ್ಮನ್ನು ನೋಡಿದಳು. ಕೋಪವಿರಲಿಲ್ಲ. ಟಿಫಿನ್ ಡಬ್ಬಿಯನ್ನು ನೋಡಿದಳು, ಮೇಲೆದ್ದು ನಿಂತ ಬಾಗಿಲನ್ನು ನೋಡಿದಳು.

"ಸಾಮಾನ್ಗೆ ಬಾಗ್ಲು ಮಾಡವ್ರೆ. ನಂಗೆಲ್ಲೈತೆ ಬಾಗ್ಲು?"

ಸುಮಾ ಮುಂದೆ ಬಂದಳು. "ಇದೆ ಅಜ್ಜಿ, ಆ ಗುಂಡಿ ಒತ್ತಿದ್ರೆ ನಡುವಿನ ಸೀಟು ಮಡಚ್ಕೊಳತ್ತೆ."

"ಅದ್ರಾಗೆ ಯಾರಾರ ಕೂತಿದ್ರೆ?"

"ಅವ್ರು ಇಳೀಬೇಕು."

"ಅವ್ರು ನಿದ್ದೆ ಮಾಡ್ತಿದ್ರೆ?"

ಸುಮಾ ಮತ್ತೆ ಊರಿನ ಮಾತಿಗೆ ಬಂದು, "ಎಬ್ಬಿಸ್ಬೇಕಾಯ್ತದೆ ಕಣಜ್ಜಿ" ಎಂದಳು.

"ಅದೇಯಾ" ಎಂದು ಚಿಕ್ಕಮ್ಮ ಮುಂದಕ್ಕೆ ತಿರುಗಿಕೊಂಡಳು.

ವಾಪಸು ಬರುವಾಗ ಭಾವನ ಕೆಳಗೆ ಗಾಳಿ ಸುಮ್ಮನೆ ಬೀಸುತ್ತಿತ್ತು. ನನಗೆ ಪುರವರದ ಒಬ್ಬ ಮುದುಕನ ನೆನಪು ಬಂತು. ಬಹಳ ವರ್ಷದ ಹಿಂದೆ ಅವನ ಹೊಲ ಅಳೆಯಲು ಹೋಗಿದ್ದೆ. ಅಳತೆ ಸರಿಯಿತ್ತು, ಮಣ್ಣು ಚೆನ್ನಾಗಿತ್ತು. ಆದರೆ ಹೊಲಕ್ಕೆ ದಾರಿಯಿರಲಿಲ್ಲ, ಪಕ್ಕದವನ ಹೊಲದಲ್ಲಿ ಹಾದು ಹೋಗಬೇಕಿತ್ತು. ಪಕ್ಕದವನು ಒಳ್ಳೆಯವನೇ, ಒಂದು ದಿನವೂ ತಡೆದವನಲ್ಲ. "ಮತ್ತೆ ಅರ್ಜಿ ಯಾಕೆ?" ಎಂದು ಕೇಳಿದ್ದೆ. ಮುದುಕ, "ದಿನಾ ಅವ್ನ 'ಹೋಗ್ಲೇನಪ್ಪಾ' ಅಂತ ಕೇಳ್ಕಂಡು ನನ್ನೊಲಕ್ಕೆ ನಾನು ಹೋಗ್ಬೇಕಲ್ಲ ಸ್ವಾಮಿ" ಎಂದಿದ್ದ. ಅವತ್ತಿನಿಂದ ಯಾವ ಜಮೀನಿಗೆ ಹೋದರೂ ನಾನು ಮೊದಲು ಕೇಳುವುದು ದಾರಿ ಎಲ್ಲಿದೆ ಎಂದು. ಹೊಸಬರಿಗೆ ಇದನ್ನೇ ಪಾಠ ಮಾಡಿದ್ದೇನೆ. ಅಂಥ ನಾನು ಗಾಡಿಯ ಉದ್ದ ಅಳೆದೆ, ಅಗಲ ಅಳೆದೆ, ಗೇಟನ್ನು ಎರಡು ಸಲ ಅಳೆದೆ. ಮೂರನೇ ಸಾಲಿಗೆ ದಾರಿ ಎಲ್ಲಿದೆ ಎಂದು ಮಾತ್ರ ನೋಡಲಿಲ್ಲ. ನನ್ನ ಕಸುಬಿನ ಬಗ್ಗೆಯೇ ನನಗೆ ನಾಚಿಕೆಯಾಯಿತು.

ಉಳಿದದ್ದನ್ನು ಸಂಜೆ ಗಿರಿಜ ಹೇಳಿದಳು. ಅವಳಿಗೂ ಚಿಕ್ಕಮ್ಮನ ಮಾತು ಕೇಳಿದ ಮೇಲೇ ಹೊಳೆದದ್ದು. "ಹೋದ ವರ್ಷ ರತ್ನಮ್ಮನ ಊರಿಂದ ಬರುವಾಗ ನಾನೂ ಅತ್ತಿಗೆನೂ ಮಧ್ಯದ ಸೀಟಲ್ಲಿ ನಿದ್ದೆ ಮಾಡಿಬಿಟ್ವಿ, ನೆನಪಿದೆಯಾ? ಹಿಂದಿನ ಬಾಗಿಲು ಕಚ್ಚಿಕೊಂಡಿತ್ತು. ಚಿಕ್ಕಮ್ಮಂಗೆ ಇಳಿಯೋ ಅವಸರ ಇತ್ತಂತೆ. ನಮ್ಮನ್ನ ಎಬ್ಬಿಸೋಕೆ ಮನಸ್ಸಾಗ್ದೆ, ಪಾವಗಡದಿಂದ ಮಧುಗಿರೀವರೆಗೂ ತಡ್ಕೊಂಡು ಕೂತಿದ್ರಂತೆ. ಈಗ ಕೇಳಿದೆ, ಹೇಳಿದ್ರು."

ಮೊಣಕಾಲು ನೋವು ಬರೀ ನೆಪ. ಹದಿಮೂರು ವರ್ಷ ನಾನು ಕನ್ನಡಿಯಲ್ಲಿ ನೋಡಿ ಮರುಗಿದ ಆ ಕುಲುಕುವ ಅಡ್ಡ ಸೀಟಿನಲ್ಲಿ ಚಿಕ್ಕಮ್ಮನಿಗೆ ಯಾವ ಕಷ್ಟವೂ ಇರಲಿಲ್ಲ. ಇಡೀ ಗಾಡಿಯಲ್ಲಿ ಯಾರನ್ನೂ ಕೇಳದೆ ಹತ್ತಿ ಇಳಿಯಬಹುದಾದ ಅವಳ ಜಾಗ ಅದೊಂದೇ. ಹಿಂಬಾಗಿಲು ತೆಗೆದು ತಾನೇ ಹತ್ತುತ್ತಿದ್ದಳು, ತಾನೇ ಇಳಿಯುತ್ತಿದ್ದಳು. ಆ ಬಾಗಿಲು ಕಚ್ಚಿಕೊಂಡಾಗ, ಹೇಗೂ ಹೊಸದು ಬರುತ್ತದಲ್ಲ ಎಂದು ಒಂದೂವರೆ ವರ್ಷ ಬಿಟ್ಟವನು ನಾನು. ನನ್ನ ಕಾಲು ಅವತ್ತು ಅಲ್ಲಾಡಲಿಲ್ಲ.

ಮಾರನೇ ದಿನವೇ ರಜೆ ಹಾಕಿ ಹಳೆಯ ಗಾಡಿಯನ್ನು ಶಿರಾಕ್ಕೆ ಒಯ್ದೆ. ಅಲ್ಲಿ ಭಾವನಿಗೆ ಪರಿಚಯದ ಒಬ್ಬರು ಹಳೆಯ ಮೆಕ್ಯಾನಿಕ್ ಇದ್ದಾರೆ, ಎಲ್ಲರೂ ಭಾಯಿ ಎನ್ನುತ್ತಾರೆ. ಬಾಗಿಲಿನ ಒಳಹಲಗೆ ಬಿಚ್ಚಿ ನೋಡಿ, "ಇಷ್ಟಕ್ಕೇನಾ ಸಾಬ್? ಸ್ಪ್ರಿಂಗ್ ಖರಾಬ್ ಆಗೈತೆ, ಬಸ್" ಎಂದರು. ನಾನು ಎರಡು ಟೀ ಕುಡಿಯುವಷ್ಟರಲ್ಲಿ ಬಾಗಿಲು ತೆರೆದುಕೊಂಡಿತು. ಒಳಗಿನ ಹಿಡಿ ಸ್ವಲ್ಪ ಕೆಳಗಿದ್ದರೆ ಕೂತಲ್ಲಿಂದಲೇ ಕೈಗೆ ಸಿಗುತ್ತದೆ ಎಂದೆ. "ಯಾರಿಗೆ?" ಎಂದು ಕೇಳಿದರು. ಹೇಳಿದೆ. ಭಾಯಿ ಒಂದು ಕಬ್ಬಿಣದ ಪಟ್ಟಿ ಬಗ್ಗಿಸಿ ಉದ್ದನೆಯ ಹಿಡಿ ಮಾಡಿದರು, ಕೈಗೆ ಒತ್ತದಂತೆ ಅದಕ್ಕೆ ಹಳೆಯ ಸೈಕಲ್ ಟ್ಯೂಬು ಸುತ್ತಿದರು. ಕೆಳಗೆ ಕಾಲಿಡಲು ಒಂದು ಮೆಟ್ಟಿಲನ್ನೂ ಬೆಸುಗೆ ಹಾಕಿದರು. ನಾನು ಹೇಳದೆ ಇದ್ದ ಕೆಲಸ ಅದು.

ಮನೆಗೆ ತಂದು ನಿಲ್ಲಿಸಿ, ಒಳಗೆ ಹೋಗಿ ಕಿಟಕಿಯ ಹಿಂದೆ ನಿಂತೆ. ಚಿಕ್ಕಮ್ಮ ಹೊರಗೆ ಬಂದು ಗಾಡಿಯ ಹಿಂದೆ ಒಂದು ಸುತ್ತು ಹಾಕಿದಳು. ಮೆಟ್ಟಿಲನ್ನು ಕಾಲಿನಿಂದ ಒತ್ತಿ ನೋಡಿದಳು. ಬಾಗಿಲು ತೆಗೆದಳು, ಹತ್ತಿದಳು, ಮುಚ್ಚಿಕೊಂಡಳು. ಒಳಗಿಂದ ಟಕ್ ಎಂದಿತು, ಇಳಿದಳು. ಮತ್ತೆ ಹತ್ತಿದಳು. ಹೀಗೆ ಮೂರು ಸಲ. ವಿಡಿಯೊದಲ್ಲಿ ಬಾಗಿಲಿನ ಸದ್ದು ಆಲಿಸಿದವನ ಮೇಲೆ ನನಗೆ ಮೊದಲ ಬಾರಿ ಗೌರವ ಬಂತು.

"ಲೇ ಸೀನ" ಎಂದು ಹೊರಗಿಂದಲೇ ಕೂಗಿದಳು. "ಅವರೆಕಾಯಿ ಇನ್ನೂ ಐತಂತಾ ಕೇಳು ರತ್ನಂಗೆ."

ಹೊಸ ಗಾಡಿಯ ಕಾಯಿಲೆ ನನಗೆ ಪೂರ್ತಿ ವಾಸಿಯಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಈಗಲೂ ಬೆಳಗ್ಗೆ ಹಲ್ಲುಜ್ಜುವಾಗ ನೋಡುತ್ತೇನೆ. ಒಂದು ವಿಡಿಯೊದ ಕೆಳಗೆ, ಮೂರನೇ ಸಾಲಿನವರು ನಡುವಿನ ಸಾಲಿನವರನ್ನು ಎಬ್ಬಿಸದೆ ಇಳಿಯುವುದು ಹೇಗೆ ಎಂದು ಬರೆದು ಹಾಕಿದ್ದೆ. ಟಾರ್ಕಿನ ಬಗ್ಗೆ ಕೇಳಿದವರಿಗೆಲ್ಲ ಉತ್ತರ ಬಂದಿದೆ, ನನಗೆ ಬಂದಿಲ್ಲ.

ಆ ವಾರವೇ ಹೊರಟೆವು. ಹೊರಡುವಾಗ ಭಾವ ಮುಂದಿನ ಬಾಗಿಲು ಹಿಡಿದುಕೊಂಡು, "ಚಿಕ್ಕಮ್ಮ, ನೀವಿಲ್ಲಿ ಕೂತ್ಕಳಿ, ನಾನು ಹಿಂದೆ ಹೋಯ್ತೀನಿ" ಎಂದರು. ಅವರಿಗದು ಸುಲಭದ ಮಾತಲ್ಲ, ಮನಸ್ಸಿನಿಂದಲೇ ಹೇಳಿದರು.

"ಬ್ಯಾಡಪ್ಪ" ಎಂದಳು ಚಿಕ್ಕಮ್ಮ. "ಮುಂದೆ ಕೂತ್ರೆ ಇವ್ನು ಓಡ್ಸೋದು ನೋಡ್ಬೇಕಾಯ್ತದೆ."

ಹಿಂದೆ ಹೋಗಿ ಹತ್ತಿ, ಕಡಲೆಕಾಯಿ ಚೀಲದ ಎದುರು ಅಡ್ಡ ಕೂತಳು. ಮಿಡಿಗೇಶಿ ದಾಟಿದ ಮೇಲೆ ಒಂದು ಕಡೆ ಗಾಡಿಯ ಮೈ ತಟ್ಟಿ, "ಒಸಿ ನಿಲ್ಸು" ಎಂದಳು. ನಡುವಿನ ಸೀಟಿನಲ್ಲಿ ಅಕ್ಕ ಮತ್ತು ಗಿರಿಜ ನಿದ್ದೆ ಹೋಗಿದ್ದರು. ನಿಲ್ಲಿಸಿದೆ. ಟಕ್ ಎಂದು ಇಳಿದು ಜಾಲಿ ಗಿಡಗಳ ಕಡೆ ಹೋಗಿ, ಬಂದು ಹತ್ತಿದಳು. ಯಾರೂ ಏಳಲಿಲ್ಲ. ಯಾಕೆ ನಿಂತಿತೆಂದು ಯಾರೂ ಕೇಳಲಿಲ್ಲ. ಅಲ್ಲಿಂದ ಪಾವಗಡದವರೆಗೂ ಹಿಂದಿನಿಂದ ಕಡಲೆಕಾಯಿ ಸುಲಿಯುವ ಸದ್ದು ಬರುತ್ತಿತ್ತು.

ಊರು ಮುಟ್ಟಿದಾಗ ರತ್ನಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಗಾಡಿ ಕಂಡದ್ದೇ ಮೊರ ಬದಿಗಿಟ್ಟು, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. ನಾನು ಬೇವಿನ ಮರದ ನೆರಳಿಗೆ ನಿಲ್ಲಿಸಿ, "ಎದ್ದೇಳ್ರೀ, ಮೊದಲು ಚಿಕ್ಕಮ್ಮನ್ನ ಇಳಿಸೋಣ" ಎಂದು ಹೆಂಗಸರನ್ನು ಎಬ್ಬಿಸಿ ಕನ್ನಡಿಯಲ್ಲಿ ಹಿಂದಕ್ಕೆ ನೋಡಿದೆ. ಹಿಂದಿನ ಸೀಟಿನಲ್ಲಿ ಕಡಲೆಕಾಯಿ ಸಿಪ್ಪೆ ಮಾತ್ರ ಇತ್ತು. ಬಾಗಿಲು ತೆರೆದೇ ಇತ್ತು. ಚಿಕ್ಕಮ್ಮ ಚೀಲ ಕಂಕುಳಲ್ಲಿ ಇರುಕಿಕೊಂಡು, ಸೆರಗು ಸರಿಮಾಡಿಕೊಳ್ಳುತ್ತಾ, ಆಗಲೇ ತಂಗಿಯ ಜಗಲಿಯ ಅರ್ಧ ದಾರಿಯಲ್ಲಿದ್ದಳು. ನಾನಿನ್ನೂ ಸೀಟ್‌ಬೆಲ್ಟು ಬಿಚ್ಚುತ್ತಿದ್ದೆ.